ಬಣ್ಣ ಹಚ್ಚದೆ ಬಿಟ್ಟ ದೇಶ

ಯುಗಾದಿಗೆ ಸುಣ್ಣ ಹೊಡೆಸಲು ಅಟ್ಟ ಖಾಲಿ ಮಾಡುತ್ತಿದ್ದಾಗ ಹಳೆಯ ಬಿಸ್ಕತ್ತಿನ ಡಬ್ಬವೊಂದು ಕೈಗೆ ಸಿಕ್ಕಿತು. ಮುಚ್ಚಳದ ಮೇಲೆ ಬಿಳಿ ಅಂಟುಪಟ್ಟಿ. ಅದರ ಮೇಲೆ ನೀಲಿ ಮಸಿಯಲ್ಲಿ ಒತ್ತಿ ಬರೆದ ದುಂಡನೆಯ ಅಕ್ಷರ: ‘ಹಿಪ್ಪುನೇರಳೆ. ಒಣಗಿಸಿದ್ದು ಮಾರ್ಚ್ ೯. ತಿಂದು ಮುಗಿಸಬೇಕಾದದ್ದು ಮುಂದಿನ ಮಾರ್ಚ್ ೯.’ ಇವತ್ತು ಮಾರ್ಚ್ ಹದಿನಾರು. ಏಳು ದಿನ ತಡವಾಗಿದೆ. ಮುಚ್ಚಳ ತೆಗೆದರೆ ಬೆಲ್ಲದ ಪಾಕ ತುಸು ಸೀದಂಥ ವಾಸನೆ, ಅದರ ಹಿಂದೆಯೇ ಒಣಹುಲ್ಲಿನ ವಾಸನೆ... ಏಣಿಯ ಮೇಲೆಯೇ ಸ್ವಲ್ಪ ಹೊತ್ತು ನಿಂತೆ. ಏನು ಸಿಕ್ಕಿತು ಎಂದು ಕೆಳಗಿನಿಂದ ಅಮ್ಮ ಕೇಳಿದಳು. ಏನಿಲ್ಲ ಎಂದೆ.

ನಮ್ಮ ಕಡೆ ಈ ಹಣ್ಣನ್ನು ಯಾರೂ ಒಣಗಿಸುವುದಿಲ್ಲ. ರೇಷ್ಮೆಹುಳು ಸಾಕುವವರಿಗೆ ಬೇಕಾದದ್ದು ಸೊಪ್ಪು. ಗಿಡ ಹಣ್ಣು ಬಿಟ್ಟಿತೆಂದರೆ ಸೊಪ್ಪು ಕೊಯ್ಯುವುದು ತಡವಾಯಿತೆಂದು ಬೇಸರಪಟ್ಟುಕೊಳ್ಳುತ್ತಾರೆ, ಅಷ್ಟೆ. ಮಧುಗಿರಿಯಲ್ಲಿ ಅದನ್ನು ಮಾಳಿಗೆಯ ಮೇಲೆ ಹಳೆಯ ಪಂಚೆ ಹಾಸಿ ಒಣಗಿಸುತ್ತಿದ್ದವರು ಒಬ್ಬರೇ, ನಮ್ಮ ಎದುರುಮನೆಯ ಮಾವ. ವರ್ಷಕ್ಕೊಂದು ಡಬ್ಬ ನಮಗೂ ಕೊಡುತ್ತಿದ್ದರು.

ಮಾವ ಎಂದರೆ ನೆಂಟರಲ್ಲ. ನಮ್ಮ ಬೀದಿಯಲ್ಲಿ ಅಪ್ಪನ ವಯಸ್ಸಿನವರೆಲ್ಲ ಮಾವಂದಿರೇ. ಅವರು ಕೊಡಿಗೇನಹಳ್ಳಿಯ ಹತ್ತಿರದ ಒಂದು ಹಳ್ಳಿಯವರು, ಕಸುಬಿನಲ್ಲಿ ಅಡುಗೆಯವರು. ಮೊದಲು ಮದುವೆಮನೆಗಳಲ್ಲಿ ಅಡುಗೆ ಮಾಡುತ್ತಿದ್ದರು, ಆಮೇಲೆ ದುಬೈಗೆ ಹೋದರು. ಹಾಗೆಂದು ಬೀದಿಯಲ್ಲಿ ಎಲ್ಲರೂ ತಿಳಿದಿದ್ದರು. ಎಂಟು ವರ್ಷ ಅಲ್ಲಿದ್ದು, ಒಂದು ದಿನ ಎರಡು ಸೂಟ್‌ಕೇಸು, ಒಂದು ತಗಡಿನ ಟ್ರಂಕು ತೆಗೆದುಕೊಂಡು ಬಂದವರು ಮತ್ತೆ ಹೋಗಲಿಲ್ಲ.

ನಾನು ಒಂಬತ್ತನೇ ತರಗತಿಯಿಂದ ದಿನಚರಿ ಬರೆಯುತ್ತೇನೆ. ಅದರಲ್ಲಿ ಭಾವನೆಗಳು ಕಡಿಮೆ. ಎಷ್ಟು ಪುಟ ಓದಿದೆ, ಕೊರಟಗೆರೆ ಬಸ್ಸು ಎಷ್ಟು ನಿಮಿಷ ತಡ, ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಂತು, ಇಂಥವು. ಮನೆಯಲ್ಲಿ ಇದನ್ನು ನೋಡಿ ನಗುತ್ತಿದ್ದರು. ನಗದೆ ಇದ್ದವರು ಮಾವ ಮಾತ್ರ. ಒಮ್ಮೆ ನನ್ನ ಪುಸ್ತಕವನ್ನು ಇಸಿದುಕೊಂಡು ಎರಡು ಪುಟ ತಿರುವಿ, ‘ಗಂಟೆ ಹಾಕಿಲ್ವಲ್ಲಮ್ಮ’ ಎಂದರು. ತಾರೀಖು ಇದ್ದರೆ ಸಾಲದು, ಗಂಟೆಯೂ ಇರಬೇಕು ಎಂಬುದು ಅವರ ಮತ. ಅಂದಿನಿಂದ ನಾನು ಗಂಟೆಯನ್ನೂ ಹಾಕುತ್ತೇನೆ.

ಊರಿಗೆ ಬಂದ ಮೇಲೆ ಅವರು ಮತ್ತೆ ಮದುವೆ ಅಡುಗೆ ಹಿಡಿದರು. ಶಿರಾ, ಪಾವಗಡ, ಕೊರಟಗೆರೆ, ಎಲ್ಲಿ ಕರೆದರೂ ಹೋಗುತ್ತಿದ್ದರು. ಆದರೆ ಹೊರಗೆ ಕಲಿತ ಪದ್ಧತಿ ಕೈಬಿಡಲಿಲ್ಲ. ಪ್ರತಿ ಕೊಪ್ಪರಿಗೆಗೂ ಪಟ್ಟಿ ಅಂಟಿಸಿ, ಇಳಿಸಿದ ಗಂಟೆ, ಬಡಿಸಿ ಮುಗಿಸಬೇಕಾದ ಗಂಟೆ ಬರೆಯುತ್ತಿದ್ದರು. ಜೇಬಿನಿಂದ ಒಂದು ಉದ್ದನೆಯ ತಾಪಮಾಪಕ ತೆಗೆದು ಸಾಂಬಾರಿಗೆ ಅದ್ದಿ ನೋಡುತ್ತಿದ್ದರು. ಕೊರಟಗೆರೆಯ ಒಂದು ಛತ್ರದಲ್ಲಿ ನಮ್ಮ ದೊಡ್ಡಮ್ಮನ ಮಗಳ ಮದುವೆ ನಡೆದಾಗ ನಾನೇ ನೋಡಿದ್ದೇನೆ. ಜೊತೆಯ ಅಡುಗೆಯವನೊಬ್ಬ ಸೌಟು ಹಿಡಿದು ನಿಂತವನು, ‘ದುಬೈ ಭಟ್ರೇ, ಪಾಯಸಕ್ಕೆ ಜ್ವರ ಎಷ್ಟೈತೆ? ಮಾತ್ರೆ ಹಾಕ್ಲಾ?’ ಎಂದ. ಎಲ್ಲರೂ ನಕ್ಕರು. ಮಾವನೂ ನಕ್ಕು, ಪಾಯಸದ ತಾಪವನ್ನು ಪಟ್ಟಿಯ ಮೇಲೆ ಬರೆದರು.

ಅವರು ದುಬೈಯಲ್ಲಿರಲಿಲ್ಲ ಎಂಬುದು ನನಗೆ ತಿಳಿದದ್ದು ಒಂದು ಭೂಪಟದಿಂದ.

ನಾನು ಆಗ ಸರ್ಕಾರಿ ಪರೀಕ್ಷೆಗಳಿಗೆ ಓದುತ್ತಿದ್ದೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಪಟ್ಟಿ ಮಾಡಿಕೊಂಡಿದ್ದೆ. ಅದರಲ್ಲಿ ಒಂದು, ಬಲಾಢ್ಯ ದೇಶವೊಂದು ತನ್ನ ಎದುರಾಳಿಯನ್ನು ಹೇಗೆ ಕಟ್ಟಿಹಾಕುತ್ತದೆ, ಅದಕ್ಕೆ ಆ ಸೀಮೆಯಲ್ಲಿ ಯಾರನ್ನು ಜೊತೆಗಾರರನ್ನಾಗಿ ಆರಿಸಿಕೊಳ್ಳುತ್ತದೆ ಎಂಬುದು. ಉತ್ತರ ಬರೆಯುವ ಮೊದಲು ನಕ್ಷೆ ಬಿಡಿಸಿಕೊಳ್ಳುವುದು ನನ್ನ ರೂಢಿ. ಜಗಲಿಯ ಮೇಲೆ ಏಷ್ಯಾದ ದೊಡ್ಡ ನಕ್ಷೆ ಹರಡಿ ಬಣ್ಣ ಹಚ್ಚಿದೆ. ಎದುರಾಳಿ ಚೀನಾಕ್ಕೆ ಕೆಂಪು. ಅಮೆರಿಕದ ಜೊತೆಗಿರುವ ಜಪಾನ್, ದಕ್ಷಿಣ ಕೊರಿಯಾ, ಫಿಲಿಪ್ಪೀನ್ಸ್, ಕೆಳಗೆ ಆಸ್ಟ್ರೇಲಿಯಾ ಎಲ್ಲ ನೀಲಿ. ನಮಗೆ ತಿಳಿನೀಲಿ, ಏಕೆಂದರೆ ನಾವು ಪೂರ್ತಿ ಸೇರಿದವರೂ ಅಲ್ಲ, ಸೇರದವರೂ ಅಲ್ಲ. ಹಳೆಯ ಎದುರಾಳಿ ರಷ್ಯಾವನ್ನು ಕಟ್ಟಿಹಾಕಿದ್ದ ಕಾಲದ ಜೊತೆಗಾರ ಪಾಕಿಸ್ತಾನಕ್ಕೆ ಪೆನ್ಸಿಲ್ಲಿನ ಗೆರೆ ಮಾತ್ರ.

ಮಾವ ಸೈಕಲ್ ನಿಲ್ಲಿಸಿ ಬಂದು ನೋಡಿದರು. ಏನಿದು ಎಂದು ಕೇಳಿದ್ದಕ್ಕೆ ವಿವರಿಸಿದೆ. ಎದುರಾಳಿ ಬಲಿಯುತ್ತಿದ್ದರೆ ಅವನ ಮೇಲೆ ನೇರ ಯುದ್ಧಕ್ಕೆ ಹೋಗುವುದಿಲ್ಲ, ಅವನ ಸುತ್ತಲಿನವರನ್ನು ಒಬ್ಬೊಬ್ಬರಾಗಿ ತನ್ನ ಕಡೆ ಸೇರಿಸಿಕೊಂಡು, ಅವನು ಕಾಲು ಚಾಚದಂತೆ ಬೇಲಿ ಹಾಕುತ್ತಾರೆ ಎಂದೆ. ಅವರು ಬಗ್ಗಿ, ನಕ್ಷೆಯ ಎಡಗಡೆ ಒಂದು ಕಡೆ ಬೆರಳಿಟ್ಟರು.

‘ಇಲ್ಲಿಗ್ಯಾಕಮ್ಮ ಬಣ್ಣ ಹಾಕಿಲ್ಲ?’

ಅದು ಅಫ್ಘಾನಿಸ್ತಾನ. ಅದು ಈಗ ಲೆಕ್ಕಕ್ಕಿಲ್ಲ ಮಾವ ಎಂದೆ. ನನ್ನ ನೋಟ್ಸಿನಲ್ಲಿ ಅದರ ಬಗ್ಗೆ ಇದ್ದದ್ದು ಒಂದೂವರೆ ಸಾಲು: ಅಲ್ಲಿಂದ ಸೈನ್ಯ ವಾಪಸ್ಸು, ಗಮನವೂ ಸಂಪನ್ಮೂಲವೂ ಪೂರ್ವದ ಕಡೆಗೆ. ಅದನ್ನೇ ಓದಿ ಹೇಳಿದೆ.

ಅವರು ಬೆರಳು ತೆಗೆಯಲಿಲ್ಲ. ‘ನಾನ್ ಇದ್ದಿದ್ದು ಇಲ್ಲೇ ಕಣಮ್ಮ’ ಎಂದರು. ‘ಎಂಟು ವರ್ಸ. ದುಬೈ ಅಂತ ಹೇಳ್ಕಂಡು.’

ಆ ದಿನದ ನನ್ನ ದಿನಚರಿಯಲ್ಲಿ ‘ಬೆಳಿಗ್ಗೆ ೧೦.೪೦’ ಎಂದಿದೆ. ಅದರ ಮುಂದೆ ಏನೂ ಬರೆದಿಲ್ಲ...

ಆಮೇಲಿನ ಭಾನುವಾರಗಳಲ್ಲಿ ಅವರು ಇಷ್ಟಿಷ್ಟೇ ಹೇಳಿದರು. ಅಮೆರಿಕದ ದೊಡ್ಡ ಸೇನಾ ನೆಲೆಯೊಂದರ ಅಡುಗೆಮನೆ. ಊಟದ ಗುತ್ತಿಗೆ ಹಿಡಿದ ಕಂಪನಿಯ ಕೆಳಗೆ ಇನ್ನೊಂದು ಕಂಪನಿ, ಅದರ ಕೆಳಗೆ ಇವರು. ನೇಪಾಳದವರು, ಫಿಲಿಪ್ಪೀನ್ಸಿನವರು, ಕೇರಳದವರು. ಪಾಳಿ ಪಟ್ಟಿ ಬರೆಯುವ ಕೆಲಸ ಮಾವನದ್ದು. ರೊಟ್ಟಿ ಒಲೆಯ ಹತ್ತಿರ ಆ ದೇಶದವನೇ ಒಬ್ಬ, ಇವರಿಗಿಂತ ಐದು ವರ್ಷ ದೊಡ್ಡವನು. ಮೊದಲ ದಿನವೇ ಮಾವ ಅವನನ್ನು ಅಣ್ಣ ಎಂದು ಕರೆದರು. ಕ್ರಮೇಣ ಅಡುಗೆಮನೆಯ ಎಲ್ಲರೂ ಹಾಗೇ ಕರೆದರು. ರೊಟ್ಟಿಗೆ ಸಾಲು ನಿಂತ ಸೈನಿಕರೂ ‘ಅನ್ನಾ, ಅನ್ನಾ’ ಎನ್ನುತ್ತಿದ್ದರಂತೆ. ಅದು ತನ್ನ ಭಾಷೆಯಲ್ಲಿ ಏನೂ ಅಲ್ಲದ ಮಾತಾದರೂ ಅವನು ತಿರುಗಿ ನೋಡುತ್ತಿದ್ದ. ಅವನ ಊರಿನ ತುಂಬ ಹಿಪ್ಪುನೇರಳೆ ಮರಗಳು. ಒಣಗಿದ ಹಣ್ಣು ಸದಾ ಅವನ ಜೇಬಿನಲ್ಲಿರುತ್ತಿತ್ತು. ಹೇಗೆ ಒಣಗಿಸಬೇಕು, ಎಷ್ಟು ಬಿಸಿಲು, ಯಾವಾಗ ಮಗುಚಬೇಕು ಎಂಬುದನ್ನು ಮಾವನಿಗೆ ಹೇಳಿಕೊಟ್ಟವನು ಅವನೇ.

ಊಟದ ಹಜಾರದ ಗೋಡೆಯ ಉದ್ದಕ್ಕೂ ಜೊತೆಗಾರ ದೇಶಗಳ ಬಾವುಟಗಳಿದ್ದವಂತೆ. ಒಂದು ದೇಶದ ಸೈನ್ಯ ಹೊರಟಿತೆಂದರೆ ಅದರ ಬಾವುಟ ಇಳಿಸುವ ಕೆಲಸ ಅಡುಗೆಯವರಿಗೆ ಬರುತ್ತಿತ್ತು, ಏಕೆಂದರೆ ಏಣಿ ಇದ್ದದ್ದು ಅವರ ಬಳಿ. ಮಾವ ಏಣಿ ಹತ್ತುತ್ತಿದ್ದರು, ಅಣ್ಣ ಕೆಳಗೆ ಹಿಡಿದುಕೊಳ್ಳುತ್ತಿದ್ದ. ಇಬ್ಬರೂ ಸೇರಿ ಮಡಚಿಡುತ್ತಿದ್ದರು. ಬಾವುಟಗಳು ಕಡಿಮೆಯಾಗುತ್ತ ಬಂದವು. ಆಮೇಲೆ ಮೊಟ್ಟೆ.

‘ಪೇಪರ್ನೋರಿಗೆ ಗೊತ್ತಾಗಕ್ ಮುಂಚೆ ನಮಗ್ ಗೊತ್ತಾಯ್ತು ಕಣಮ್ಮ. ಮೊಟ್ಟೆ ಆರ್ಡರ್ ಅರ್ಧಕ್ಕಿಳೀತು. ಆಮೇಲ್ ಕಾಲು. ಹೊಂಟೋಯ್ತಾರೆ ಅಂತ ಮೊಟ್ಟೆ ಹೇಳ್ತು.’

ಆ ಮಾತಿಗೆ ನಾನು ನಕ್ಕೆ. ಅವರು ನಗಲಿಲ್ಲ. ಅಣ್ಣನಿಗೂ ಅದು ಗೊತ್ತಾಗಿತ್ತು. ಗಡಿಯಾಚೆ ಇರಾನಿನಲ್ಲಿ ಅವನ ಭಾವಮೈದುನ ರೊಟ್ಟಿಯ ಅಂಗಡಿ ಇಟ್ಟಿದ್ದ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಈಗಲೇ ಬಂದುಬಿಡು ಎಂದು ಹೇಳಿ ಕಳಿಸಿದ್ದ. ಹೋಗಲೋ ಇರಲೋ ಎಂದು ಅಣ್ಣ ಕೇಳಿದ್ದು ಮಾವನನ್ನು. ಇರು ಎಂದರು ಮಾವ. ದೊಡ್ಡ ದೇಶ, ಇಷ್ಟು ವರ್ಷ ನಿನ್ನ ಕೈಯ ರೊಟ್ಟಿ ತಿಂದಿದ್ದಾರೆ, ಜೊತೆಗಿದ್ದವರನ್ನು ಬಿಟ್ಟು ಹೋಗುವುದಿಲ್ಲ, ಕಾಗದ ಮಾಡಿಕೊಡುತ್ತಾರೆ, ಅಲ್ಲಿಗೇ ಕರೆಸಿಕೊಳ್ಳುತ್ತಾರೆ ಎಂದರು. ಒಂದು ವಾರದೊಳಗೆ ಮಾವನನ್ನು ಕಂಪನಿಯವರು ವಿಮಾನ ಹತ್ತಿಸಿದರು. ಆಮೇಲೆ ಅಣ್ಣ ಫೋನು ಮಾಡಿ ತಿಳಿಸಿದನಂತೆ: ಒಂದು ಬೆಳಿಗ್ಗೆ ಕೆಲಸಕ್ಕೆ ಹೋದರೆ ನೆಲೆಯಲ್ಲಿ ಯಾರೂ ಇಲ್ಲ, ಹಜಾರದ ಬಾಗಿಲ ಪಕ್ಕ ತನ್ನ ದೇಶದ ಬಾವುಟವೊಂದೇ ಉಳಿದಿದೆ ಎಂದು.

ಅವರ ಮೇಲೆ ನಿಮಗೆ ಸಿಟ್ಟಿಲ್ಲವೇ ಎಂದು ಕೇಳಿದೆ. ‘ಒಬ್ಬೊಬ್ರೇ ಒಳ್ಳೇವ್ರಮ್ಮ. ತಟ್ಟೆ ತೊಳ್ದು ಇಟ್ಟೋಗೋರು. ಹೆಸ್ರಿಡಿದು ಮಾತಾಡ್ಸೋರು’ ಎಂದರು. ಆಮೇಲೆ, ‘ನಿಮ್ ತಾತನ್ ಹೊಲದಾಗೆ ಕಡ್ಲೆಕಾಯಿ ಕಿತ್ತಾದ್ಮೇಲೆ ಬೇಲಿ ಮುಳ್ಳು ಏನ್ ಮಾಡ್ತಾರೆ?’ ಎಂದು ಕೇಳಿದರು.

ಒಲೆಗೆ ಹಾಕುತ್ತಾರೆ ಎಂದೆ. ಅವರು ತಲೆಯಾಡಿಸಿ ಸೈಕಲ್ ಹತ್ತಿದರು.

ನೆಲೆಗೆ ಹೋಗುವ ಗುರುತುಚೀಟಿಯನ್ನು ಅಣ್ಣ ತಾನೇ ಒಲೆಗೆ ಹಾಕಿದ್ದ. ಹೊಸ ಆಳ್ವಿಕೆಯವರು ಮನೆ ಮನೆ ಹುಡುಕುತ್ತಿದ್ದಾರೆ ಎಂಬ ಸುದ್ದಿ ಬಂದ ದಿನ, ಅದು ಕೈಯಲ್ಲಿದ್ದರೆ ಸಾವು ಎಂದು ಸುಟ್ಟ. ಅದು ಕೈಯಲ್ಲಿಲ್ಲದ್ದರಿಂದ, ಅವರ ಜೊತೆ ಕೆಲಸ ಮಾಡಿದವನು ತಾನು ಎಂದು ತೋರಿಸಲು ಅವನ ಬಳಿ ಏನೂ ಉಳಿಯಲಿಲ್ಲ. ಹೆಂಡತಿ ಮತ್ತು ಮೂರು ಮಕ್ಕಳೊಂದಿಗೆ ಪಾಕಿಸ್ತಾನಕ್ಕೆ ದಾಟಿ ಒಂದು ಬಾಡಿಗೆ ಕೋಣೆಯಲ್ಲಿ ಕುಳಿತು ಅರ್ಜಿ ಹಾಕಿದ್ದ. ನನ್ನ ನಕ್ಷೆಯಲ್ಲಿ ಪೆನ್ಸಿಲ್ಲಿನ ಗೆರೆ ಎಳೆದಿದ್ದ ದೇಶ ಅದು.

ಅವನ ಪರವಾಗಿ ಇಂಗ್ಲಿಷಿನಲ್ಲಿ ಪತ್ರ ಬರೆದುಕೊಡುವೆಯಾ ಎಂದು ಮಾವ ಕೇಳಿದರು. ಬರೆದುಕೊಟ್ಟೆ. ಮೊದಲನೆಯದು ಒಂದು ಭಾನುವಾರ, ಹನ್ನೊಂದೂವರೆಗೆ. ಅಲ್ಲಿಂದ ಮೂರು ವರ್ಷಗಳಲ್ಲಿ ಒಟ್ಟು ನಲವತ್ತೇಳು ಪತ್ರ. ಕಟ್ಟಕಡೆಗೆ ಬಂದದ್ದೊಂದನ್ನು ಬಿಟ್ಟರೆ, ಉತ್ತರ ಬಂದದ್ದು ಒಂಬತ್ತಕ್ಕೆ. ಆ ಒಂಬತ್ತರಲ್ಲಿ ಐದು, ನಿಮ್ಮ ಪತ್ರ ತಲುಪಿದೆ ಎಂಬ ಯಂತ್ರದ ಉತ್ತರ. ಉಳಿದ ನಾಲ್ಕರಲ್ಲೂ ಒಂದೇ ವಿಷಯ, ಇನ್ನಷ್ಟು ದಾಖಲೆ ಬೇಕು. ಗುತ್ತಿಗೆಯ ಕೆಳಗಿನ ಕಂಪನಿ ಮುಚ್ಚಿಹೋಗಿತ್ತು. ಮೇಲಿನ ಕಂಪನಿಗೆ ಇವನು ಯಾರೆಂದು ಗೊತ್ತಿರಲಿಲ್ಲ. ನಾಲ್ಕನೆಯ ಉತ್ತರದಲ್ಲಿ ಮಾತ್ರ ಒಂದು ಹೊಸ ಸಾಲಿತ್ತು. ಅರ್ಜಿದಾರನ ಹೆಸರು, ದಿನಾಂಕ ಇರುವ, ಆ ಕಾಲದಲ್ಲೇ ಬರೆದ ಯಾವುದೇ ಕಾಗದವಾದರೂ ಪರಿಶೀಲಿಸಬಹುದು ಎಂದು.

ಅದನ್ನು ಓದಿ ಹೇಳಿದೆ. ಮಾವ ಎದ್ದು ಒಳಗೆ ಹೋಗಿ ತಗಡಿನ ಟ್ರಂಕು ಎಳೆದುಕೊಂಡು ಬಂದರು.

ಅದರೊಳಗೆ ಎಂಟು ಉದ್ದನೆಯ ಪುಸ್ತಕಗಳಿದ್ದವು. ವರ್ಷಕ್ಕೊಂದು. ಪ್ರತಿ ಬಾರಿ ರಜೆಗೆ ಬಂದಾಗ ಮಧುಗಿರಿಯಲ್ಲೇ ಕೊಂಡು ಒಯ್ದವು. ಅಡುಗೆಮನೆಯ ದಿನದಿನದ ಪಾಳಿ ಪಟ್ಟಿ, ಕನ್ನಡದಲ್ಲಿ, ತಾರೀಖು ಮತ್ತು ಗಂಟೆಯ ಸಮೇತ. ನನಗಾದ ಸಂತೋಷ ಹೇಳಲಾರೆ. ಇಡೀ ಲೋಕದಲ್ಲಿ ಬೇರೆ ಯಾರೂ ಇಟ್ಟಿರದ ದಾಖಲೆಯನ್ನು ನಮ್ಮ ಎದುರುಮನೆಯವರು ಇಟ್ಟಿದ್ದಾರೆ! ಅತ್ತೆ ಬೇಯಿಸಿದ ಕಡಲೆಕಾಯಿ ತಂದಿಟ್ಟರು. ಅವರು ಹಿಂದೂಪುರದ ಕಡೆಯವರು. ‘ಏಮಯ್ಯಾ, ಇಷ್ಟ್ ದಿನ ಇದ್ನ ಇಲಿಗೆ ಇಟ್ಟಿದ್ದಾ?’ ಎಂದು ಗಂಡನನ್ನು ಛೇಡಿಸಿದರು. ಮಾವನ ಮುಖದಲ್ಲಿ ಬಹಳ ದಿನದ ಮೇಲೆ ನಗು ಕಂಡಿತು.

ಮೊದಲ ಪುಸ್ತಕ ತೆರೆದೆ. ತರಕಾರಿ, ಅನ್ನ, ಮೊಟ್ಟೆ, ಪಾತ್ರೆ. ಪ್ರತಿಯೊಂದರ ಮುಂದೆ ಕೆಲಸಗಾರನ ಪೂರ್ತಿ ಹೆಸರು. ನೇಪಾಳದವರದು, ಫಿಲಿಪ್ಪೀನ್ಸಿನವರದು, ಎಲ್ಲರದೂ. ಕೊನೆಯ ಸಾಲು: ‘ರೊಟ್ಟಿ ಒಲೆ – ಅಣ್ಣ.’ ಪುಟ ತಿರುವಿದೆ. ರೊಟ್ಟಿ ಒಲೆ – ಅಣ್ಣ. ಇನ್ನೊಂದು. ಅಣ್ಣ. ಎರಡನೆಯ ಪುಸ್ತಕ, ಐದನೆಯದು, ಎಂಟನೆಯದು...

‘ಹೆಸರೆಲ್ಲಿ ಮಾವ?’ ಎಂದೆ.

ಅವರಿಗೆ ಪ್ರಶ್ನೆ ಮೊದಲು ಅರ್ಥವಾಗಲಿಲ್ಲ. ‘ದೊಡ್ಡೋರ ಹೆಸ್ರು ಹೆಂಗಮ್ಮ ಬರಿಯೋದು?’ ಎಂದರು. ಅತ್ತೆ ಸುಲಿಯುತ್ತಿದ್ದ ಕಡಲೆಕಾಯಿಯನ್ನು ತಟ್ಟೆಗೆ ಇಟ್ಟುಬಿಟ್ಟರು.

ನಮ್ಮಲ್ಲಿ ಯಾರೂ ಬರೆಯುವುದಿಲ್ಲ. ನಾನೂ ಬರೆಯುವುದಿಲ್ಲ. ತನಗಿಂತ ಕಿರಿಯರಾದ ಇಪ್ಪತ್ತೆರಡು ಜನರ ಹೆಸರನ್ನು ತಪ್ಪಿಲ್ಲದೆ ಬರೆದಿದ್ದ ಮನುಷ್ಯ, ಎಲ್ಲರಿಗಿಂತ ಹೆಚ್ಚು ಗೌರವಿಸಿದವನ ಹೆಸರೊಂದನ್ನು ಎಂಟು ವರ್ಷದಲ್ಲಿ ಒಂದು ಸಲವೂ ಬರೆದಿರಲಿಲ್ಲ. ಎಲ್ಲಾದರೂ ಇರಬಹುದೆಂದು ನಾನು ಎಂಟೂ ಪುಸ್ತಕ ಮನೆಗೆ ತಂದು ಹತ್ತೊಂಬತ್ತು ದಿನ ಕುಳಿತು ನೋಡಿದೆ. ‘ಅಣ್ಣ’ ಎಂದು ಎರಡು ಸಾವಿರದ ನೂರ ಆರು ಕಡೆ ಇದೆ. ‘ಅಣ್ಣನಿಗೆ ಜ್ವರ, ರಜ’ ಎಂದು ಹದಿನಾಲ್ಕು ಕಡೆ. ‘ಅಣ್ಣನ ಮಗಳ ಮದುವೆ’ ಎಂದು ಒಂದು ಕಡೆ, ಅದರ ಮುಂದೆ ‘ನಾನೇ ರೊಟ್ಟಿ ಹಾಕಿದೆ, ಸುಟ್ಟುಹೋಯಿತು’ ಎಂದು. ಹೆಸರು ಎಲ್ಲೂ ಇಲ್ಲ.

ಇಪ್ಪತ್ತನೆಯ ದಿನ, ಸೋಮವಾರ, ಬೆಳಿಗ್ಗೆ ಎಂಟೂಕಾಲಿಗೆ ಮಾವ ನಮ್ಮ ಜಗಲಿಗೆ ಬಂದು ಕುಳಿತರು. ಕೈಯಲ್ಲಿ ಒಂದು ನೀಲಿ ಪೆನ್ನಿತ್ತು. ಅದೇ ಜಾತಿಯ ಪೆನ್ನು, ಅದೇ ಮಸಿ.

‘ಅಣ್ಣ ಅಂತ ಇರೋ ಪಕ್ಕದಾಗೆ ಹೆಸ್ರು ಸೇರುಸ್ಬುಡನಮ್ಮ. ಅಲ್ಲೊಂದು ಇಲ್ಲೊಂದು. ನಂಗ್ ಕೈ ಬರಲ್ಲ. ನೀನ್ ಬರಿ.’

ನಾನು ಪೆನ್ನು ತೆಗೆದುಕೊಳ್ಳಲಿಲ್ಲ. ಆ ಕಾಲದಲ್ಲಿ ಬರೆದದ್ದು ಎಂದು ಹೇಳಿ ಈಗ ಬರೆದರೆ ಅದು ಸುಳ್ಳು ದಾಖಲೆ ಮಾವ ಎಂದೆ. ಯಾರಾದರೂ ಪರೀಕ್ಷೆಗೆ ಕಳಿಸಿದರೆ ಮಸಿಯ ವಯಸ್ಸು ಗೊತ್ತಾಗುತ್ತದೆ, ಆಗ ಅರ್ಜಿಯೇ ಶಾಶ್ವತವಾಗಿ ಹೋಗುತ್ತದೆ ಎಂದೂ ಹೇಳಿದೆ. ಎರಡನೆಯದು ಆಮೇಲೆ ಹೊಳೆದ ಕಾರಣ. ನಿಜವಾದ ಕಾರಣ ಮೊದಲನೆಯದು. ತಾರೀಖು ಹಾಕಿ ಬರೆದದ್ದನ್ನು ಹಿಂದಕ್ಕೆ ಹೋಗಿ ಮುಟ್ಟಬಾರದು ಎಂಬುದು ನಾನು ಒಂಬತ್ತನೇ ತರಗತಿಯಿಂದ ಪಾಲಿಸಿಕೊಂಡು ಬಂದ ನಿಯಮ. ಅದನ್ನು ಮೀರುವುದು ಆ ಬೆಳಿಗ್ಗೆ ನನ್ನಿಂದ ಆಗಲಿಲ್ಲ.

ಅವರು ಒತ್ತಾಯಿಸಲಿಲ್ಲ. ‘ಅದೂ ಸರೀನೇ’ ಎಂದು ಪೆನ್ನು ಜೇಬಿಗಿಟ್ಟುಕೊಂಡರು. ಆ ಮಾತನ್ನು ಅವರು ಹೇಳಿದ ರೀತಿ ಇದೆಯಲ್ಲ...

ಅದರ ಬದಲು ನ್ಯಾಯವಾದ ದಾರಿ ಹಿಡಿದೆವು. ನೂರು ಪುಟಗಳನ್ನು ಆರಿಸಿ ಅನುವಾದ ಮಾಡಿದೆ. ಇದರಲ್ಲಿ ಅಣ್ಣ ಎಂದಿರುವವನು ಇಂಥವನೇ ಎಂದು ಮಾವ ಪ್ರಮಾಣಪತ್ರ ಬರೆಸಿದರು. ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಕೂರುವ ನೋಟರಿ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ‘ಅಣ್ಣ ಅಂದ್ರೆ ತುಮಕೂರು ಜಿಲ್ಲೇಲೇ ಎಷ್ಟ್ ಜನ ಅವ್ರೆ ಸ್ವಾಮಿ? ನಂಗೂ ಇಬ್ರವ್ರೆ’ ಎಂದರು. ಮಾವ ಕೈಮುಗಿದು, ಇವನೊಬ್ಬನೇ ಎಂದರು. ಸೀಲು ಬಿತ್ತು. ಅದು ನಲವತ್ತನೆಯ ಪತ್ರದ ಜೊತೆ ಹೋಯಿತು. ಏಳು ತಿಂಗಳು ಕಳೆದರೂ ಉತ್ತರವಿಲ್ಲ. ನೆನಪಿಸಲು ತಿಂಗಳಿಗೊಂದರಂತೆ ಇನ್ನೂ ಏಳು ಪತ್ರ ಬರೆದೆ. ಕೊನೆಗೆ ಬಂದ ಉತ್ತರ ಮೂರು ಸಾಲು. ದಾಖಲೆಯಲ್ಲಿರುವ ವ್ಯಕ್ತಿ ಮತ್ತು ಅರ್ಜಿದಾರ ಒಬ್ಬರೇ ಎಂಬುದು ಸಾಬೀತಾಗಿಲ್ಲ ಎಂದು.

ಆ ಉತ್ತರ ಬರುವ ಹೊತ್ತಿಗೆ ಪಾಕಿಸ್ತಾನದಲ್ಲಿ ಪರವಾನಗಿ ಇಲ್ಲದ ಅಫ್ಘನ್ನರನ್ನು ಲಾರಿಗಳಲ್ಲಿ ತುಂಬಿ ಗಡಿಯಾಚೆ ಬಿಡುತ್ತಿದ್ದರು. ಅಣ್ಣನ ಕೊನೆಯ ಧ್ವನಿಸಂದೇಶ ಹಿಂದಿಯಲ್ಲಿ, ಇಪ್ಪತ್ತೆರಡು ಸೆಕೆಂಡಿನದು. ನಾಳೆ ನಮ್ಮ ಬೀದಿಗೆ ಬರುತ್ತಾರಂತೆ, ನೀನು ಬೇಸರ ಮಾಡಿಕೊಳ್ಳಬೇಡ, ಇರು ಎಂದದ್ದು ನೀನಾದರೂ ಇದ್ದದ್ದು ನಾನು ಎಂದಿದ್ದ. ಮಾವ ಅದನ್ನು ನನ್ನ ಮುಂದೆ ಒಂದೇ ಸಲ ಕೇಳಿಸಿದರು. ಆಮೇಲೆ ಇವರು ಕಳಿಸಿದ ಸಂದೇಶಗಳ ಪಕ್ಕ ಒಂದೇ ಟಿಕ್ಕಿನ ಗೆರೆ. ಹೋಗಿದೆ, ತಲುಪಿಲ್ಲ. ದಿನಾ ಬೆಳಿಗ್ಗೆ ಒಂದು ಕಳಿಸುತ್ತಿದ್ದರು. ಇವತ್ತು ಶಿರಾದಲ್ಲಿ ಮದುವೆ. ಇವತ್ತು ಪಟ್ಟನಾಯಕನಹಳ್ಳಿ ಮಠದಲ್ಲಿ ಅಡುಗೆ, ಎಂಟುನೂರು ಎಲೆ. ಇವತ್ತು ಕೆಲಸ ಇಲ್ಲ.

ಅದೇ ದಿನಗಳಲ್ಲಿ ನಾನು ಪರೀಕ್ಷೆ ಬರೆದೆ. ಆ ಪ್ರಶ್ನೆ ಬಂದಿತ್ತು, ಬಹುತೇಕ ನಾನು ಗುರುತು ಹಾಕಿಕೊಂಡಿದ್ದ ಮಾತುಗಳಲ್ಲೇ. ಕೆಂಪು, ನೀಲಿ, ತಿಳಿನೀಲಿ ಎಲ್ಲವನ್ನೂ ಬರೆದೆ. ನಮ್ಮ ದೇಶಕ್ಕೆ ಇದರಲ್ಲಿ ಏನು ಲಾಭ, ಏನು ಎಚ್ಚರ ಎಂದೂ ಬರೆದೆ. ಬಣ್ಣ ಹಚ್ಚದೆ ಬಿಟ್ಟದ್ದರ ಬಗ್ಗೆ ಬರೆಯಲು ಪುಟದಲ್ಲಿ ಜಾಗವಿತ್ತು, ಹನ್ನೊಂದು ನಿಮಿಷ ಸಮಯವೂ ಇತ್ತು. ಬರೆಯಲಿಲ್ಲ. ಅದಕ್ಕೆ ಅಂಕವಿರಲಿಲ್ಲ. ಮನೆಗೆ ಬಂದು ಮಾವನಿಗೆ ಉತ್ತರವನ್ನು ಹೇಳಿದೆ. ಪೂರ್ತಿ ಕೇಳಿ, ‘ಹೊಂಟೋಗುವಾಗ ಯಾರಿಗ್ ಹೇಳ್ಬುಟ್ಟು ಹೋಯ್ತಾರೆ ಅಂತ ಬರದ್ಯಾ?’ ಎಂದು ಕೇಳಿದರು. ಅವರು ಚುಚ್ಚಿ ಕೇಳಿದ್ದಲ್ಲ. ನನಗೆ ಗೊತ್ತಿರಬಹುದು ಎಂದುಕೊಂಡಿದ್ದರು.

ಮಾವ ತೀರಿಕೊಂಡದ್ದು ಹೋದ ಶ್ರಾವಣದಲ್ಲಿ. ಪಾವಗಡದಲ್ಲಿ ಮದುವೆ ಅಡುಗೆ ಮುಗಿಸಿ ಬಂದವರು ಮಧ್ಯಾಹ್ನ ಮಲಗಿದರು, ಏಳಲಿಲ್ಲ. ಆ ದಿನ ಕೊಪ್ಪರಿಗೆಗಳಿಗೆಲ್ಲ ಪಟ್ಟಿ ಅಂಟಿಸಿದ್ದರಂತೆ. ಒಂದು ವಾರದ ಮೇಲೆ ಅತ್ತೆ ಮಾವನ ಫೋನು ತಂದುಕೊಟ್ಟು, ಅಣ್ಣನ ನಂಬರು ತೋರಿಸಿ, ‘ಆಯನಿಗೆ ನೀನೇ ತಿಳ್ಸಮ್ಮ’ ಎಂದರು. ತಿಳಿಸಿದೆ. ಒಂದೇ ಗೆರೆ ಬಿತ್ತು. ತಾವು ಯಾರಿಗೆ ಇರು ಎಂದರೋ ಅವನು ಇದ್ದಾನೋ ಇಲ್ಲವೋ ಮಾವನಿಗೆ ತಿಳಿಯಲಿಲ್ಲ. ಇವರು ಇಲ್ಲ ಎಂಬುದು ಅವನಿಗೆ ತಿಳಿಯಿತೋ ಇಲ್ಲವೋ ನನಗೆ ತಿಳಿದಿಲ್ಲ.

ವಾರಸುದಾರರ ಪತ್ರಕ್ಕೆ ಗ್ರಾಮ ಲೆಕ್ಕಿಗರು ಮಹಜರಿಗೆ ಬಂದಾಗ ನೆರೆಯವಳೆಂದು ನನ್ನ ಸಹಿಯೂ ಬೇಕಾಯಿತು. ಮೃತರ ಪೂರ್ತಿ ಹೆಸರು ಹೇಳಿ ಎಂದರು. ನಾನು ಬಾಯಿ ತೆರೆದೆ. ನಾಲ್ಕು ವರ್ಷ ಭಾನುವಾರ ಭಾನುವಾರ ಜೊತೆಗೆ ಕುಳಿತಿದ್ದೆ, ಪ್ರಮಾಣಪತ್ರ ಬರೆಸುವಾಗ ಅವರ ಹೆಸರನ್ನು ನಾನೇ ಟೈಪು ಮಾಡಿದ್ದೆ. ಆದರೂ ಆ ಕ್ಷಣ ಹೆಸರು ನಾಲಿಗೆಗೆ ಬರಲಿಲ್ಲ, ಬಂದದ್ದು ಮಾವ ಎಂದೇ. ಅತ್ತೆಯೂ ಗಂಡನ ಹೆಸರು ಹೇಳುವವರಲ್ಲ. ಕೊನೆಗೆ ಆಧಾರ್ ಕಾರ್ಡು ನೋಡಿ ಬರೆದುಕೊಂಡರು.

ನಾನೀಗ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಅರ್ಜಿಯಲ್ಲಿರುವ ಹೆಸರೂ ದಾಖಲೆಯಲ್ಲಿರುವ ಹೆಸರೂ ಹೊಂದುತ್ತವೆಯೇ ಎಂದು ನೋಡುವುದು ನನ್ನ ಕೆಲಸ. ಹೊಂದದಿದ್ದರೆ ಹಿಂದಕ್ಕೆ ಕಳಿಸಬೇಕು. ಕಳಿಸುತ್ತೇನೆ. ನಿನ್ನೆಯೂ ಮೂರು ಕಳಿಸಿದೆ. ಸಂಜೆ ಬಸ್ಸಿನಲ್ಲಿ ಕುಳಿತಾಗ ಕೆಲವೊಮ್ಮೆ ಆ ನೀಲಿ ಪೆನ್ನು ನೆನಪಾಗುತ್ತದೆ. ಅಲ್ಲೊಂದು ಇಲ್ಲೊಂದು ಎಂದಿದ್ದರು. ನೂರು ಪುಟದಲ್ಲಿ ಹತ್ತು ಕಡೆ ಬರೆದಿದ್ದರೆ ಸಾಕಿತ್ತೋ ಏನೋ. ನಾನು ಮಾಡಿದ್ದು ಸರಿಯೇ ಎಂದು ಎಷ್ಟು ಸಲ ಲೆಕ್ಕ ಹಾಕಿದರೂ ಸರಿ ಎಂದೇ ಬರುತ್ತದೆ. ಆಮೇಲೆ ಅವನ ಮೂರು ಮಕ್ಕಳು...

ಇವತ್ತು ಡಬ್ಬ ಇಳಿಸಿದ ಮೇಲೆ ನನ್ನ ದಿನಚರಿಗಳನ್ನೂ ಇಳಿಸಿ ನೋಡಿದೆ. ನಾಲ್ಕು ವರ್ಷದಲ್ಲಿ ಅವರ ಬಗ್ಗೆ ಇನ್ನೂರ ಮೂವತ್ತೊಂದು ಕಡೆ ಬರೆದಿದ್ದೇನೆ. ಇನ್ನೂರ ಮೂವತ್ತೊಂದು ಕಡೆಯೂ ‘ಮಾವ’. ನಾಳೆ ಯಾರಾದರೂ ಇದನ್ನು ತೆರೆದು ನೋಡಿದರೆ, ಇದು ಯಾರೆಂದು ಸಾಬೀತಾಗುವುದಿಲ್ಲ. ಪೆನ್ನು ಕೈಯಲ್ಲೇ ಇತ್ತು. ಪಕ್ಕದಲ್ಲಿ ಹೆಸರು ಬರೆದರೆ ಬೇಡ ಎನ್ನುವವರು ಯಾರೂ ಇಲ್ಲ, ಇದನ್ನು ಪರೀಕ್ಷೆಗೆ ಕಳಿಸುವವರೂ ಯಾರೂ ಇಲ್ಲ. ಒಂದು ಪುಟದ ಮೇಲೆ ಪೆನ್ನು ಇಟ್ಟುಕೊಂಡು ಬಹಳ ಹೊತ್ತು ಕುಳಿತೆ. ದೊಡ್ಡವರ ಹೆಸರು ಹೇಗೆ ಬರೆಯುವುದು?

ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ. ಕೆಟ್ಟಿಲ್ಲ. ಮುಚ್ಚಳ ಹಾಕಿ ಡಬ್ಬವನ್ನು ಮತ್ತೆ ಅಟ್ಟದ ಮೇಲೆ ಇಟ್ಟೆ. ಆಮೇಲೆ ಅತ್ತೆ ಕೊಟ್ಟ ಫೋನನ್ನು ಒಮ್ಮೆ ನೋಡಿ, ಇವತ್ತಿನ ಪುಟ ತೆಗೆದು ಬರೆದೆ: ‘ಮಾರ್ಚ್ ೧೬. ಬೆಳಿಗ್ಗೆ ೧೧.೨೦. ಮಾವ ಒಣಗಿಸಿದ ಹಣ್ಣು ಸಿಕ್ಕಿತು. ಅಣ್ಣನ ಫೋನ್: ಒಂದೇ ಗೆರೆ.’